ಒಂದು ಬಕೆಟ್ ಬಿಸಿನೀರಿನ ಸಿದ್ಧತೆ

ಹನ್ನೊಂದನೆಯ ಕೋಟಿನ ಕಾಲರು ಮುಗಿದಿತ್ತು. ತೋಳಿನ ಸುಕ್ಕಿಗೆ ಚಿಮುಕಿಸಲು ನೀರು ಸಾಲದೆ ಬಚ್ಚಲಿಗೆ ಹೋಗಿ, ಬಟ್ಟಲು ತುಂಬಿಸಿಕೊಂಡು ಬಂದು ಅವಳು ಕೈ ಚಾಚಿದರೆ ಇಸ್ತ್ರಿಪೆಟ್ಟಿಗೆ ಇರಲಿಲ್ಲ. ಅದನ್ನು ಇಡುವ ತಗಡು ಇನ್ನೂ ಸುಡುತ್ತಿತ್ತು. ಕೋಟು ಮಾತ್ರ ಒಂದು ತೋಳು ಮಡಿಸಿ ಇನ್ನೊಂದು ತೋಳು ಚಾಚಿ, ನನ್ನನ್ನೇನು ಕೇಳುತ್ತೀಯ ಎನ್ನುವ ಹಾಗೆ ಮೇಜಿನ ಮೇಲೆ ಮಲಗಿತ್ತು.

"ಅತ್ತಿಗೆ, ಇಸ್ತ್ರಿಪೆಟ್ಟಿಗೆ ನೋಡಿದ್ರಾ?"

ಅತ್ತಿಗೆ ಎಂದರೆ ಗಂಡನ ಅಕ್ಕ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಬೀದಿಯನ್ನು ನೋಡಿಕೊಳ್ಳುವುದು ಅವರ ಕೆಲಸ. ತಾವು ಕಣ್ಣು ತೆಗೆದರೆ ಬೀದಿ ಎತ್ತಲಾದರೂ ಹೊರಟುಹೋದೀತು ಎಂಬ ಎಚ್ಚರ ಅವರಲ್ಲಿತ್ತು. ಹಾಗಾಗಿ ತಿರುಗದೆಯೇ ಹೇಳಿದರು.

"ಈಗ ತಾನೆ ಮೇಲೆ ಹೋಯ್ತು. ನಿನ್ನ ಗಂಡನ ಜೊತೆ."

ಅವಳು ಮಹಡಿ ಹತ್ತಿದಳು. ತಾರಸಿಯ ಬಾಗಿಲ ಬಳಿ ಇರುವ ಪುಟ್ಟ ಕೋಣೆಯಲ್ಲಿ ಗಂಡ ನೆಲದ ಮೇಲೆ ಮಂಡಿಯೂರಿದ್ದರು. ಎದುರಿಗೆ ಒಂದು ಹಳೆಯ ಟವೆಲು, ಟವೆಲಿನ ಮೇಲೆ ಸಾಲಾಗಿ ಒಣಗಿದ ಎಲೆಗಳು. ಒಂದೊಂದನ್ನೂ ತೊಟ್ಟು ಹಿಡಿದು ನೇರ ಮಾಡಿ, ಮೇಲ್ಮುಖಕ್ಕೊಮ್ಮೆ, ಅಡಿಮುಖಕ್ಕೊಮ್ಮೆ ಇಸ್ತ್ರಿ ಹಾಕುತ್ತಿದ್ದರು.

"ರೀ, ಏನು ಮಾಡ್ತಿದ್ದೀರಿ?"

"ತೇವಾಂಶ ತೆಗೀತಿದ್ದೀನಿ. ನಿನ್ನ ಕೋಟು ಹತ್ತು ನಿಮಿಷ ತಡ ಆದ್ರೆ ಯಾರೂ ಸಾಯಲ್ಲ."

"ಅದು ಆಸ್ಪತ್ರೆ ಕೋಟು."

ಗಂಡ ಈ ಮಾತನ್ನು ಪರಿಶೀಲಿಸಿದರು. ಇನ್ನೊಂದು ಎಲೆ ತಿರುವಿಹಾಕಿದರು.

"ಎಷ್ಟಾಯ್ತು?"

"ಇಪ್ಪತ್ತಾರು."

"ಇನ್ನೆಷ್ಟಿದೆ?"

"ಹದಿನಾಲ್ಕು ಮೂಟೆ."

ಈ ಮನುಷ್ಯನನ್ನು ಬೀದಿಯವರೆಲ್ಲ ಪ್ರಕಟಣೆಯವರು ಎಂದು ಕರೆಯುತ್ತಿದ್ದರು. ಮೂವತ್ತು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತು, ಯಾವ ಬಸ್ಸು ಎಲ್ಲಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳಿದ್ದವರು ಅವರು. ಬಸ್ಸು ಇನ್ನೂ ಬಂದೇ ಇಲ್ಲದಿದ್ದರೂ ಹೊರಟಿದೆ ಎಂದು ಹೇಳುವುದು ಆ ಕೆಲಸದಲ್ಲಿ ಅನಿವಾರ್ಯ. ನಿವೃತ್ತಿಯಾಗಿ ಎರಡು ವರ್ಷವಾದರೂ ಆ ಅಭ್ಯಾಸ ಹೋಗಿರಲಿಲ್ಲ. ಮೊದಲು ಪ್ರಕಟಣೆ, ಆಮೇಲೆ ಬಸ್ಸು.

ಹಿಂದಿನ ಭಾನುವಾರ ಬೀದಿಯ ನಿವಾಸಿಗಳ ಸಂಘದ ಸಭೆ ನಡೆದಿತ್ತು. ಪರಿಸರದ ಕಚೇರಿಯಿಂದ ಒಂದು ಸುತ್ತೋಲೆ ಬಂದಿದೆ ಎಂದು ಕಾರ್ಯದರ್ಶಿ ಓದತೊಡಗಿದರು. ಪ್ರತಿ ಬೀದಿಯಲ್ಲೂ ಸ್ವಚ್ಛ ಇಂಧನ ಬಳಸುವ ಒಂದು ಮನೆಯನ್ನು ಆರಿಸಿ, ಅಧಿಕಾರಿ ಬಂದು ನೋಡಿ, ಗೇಟಿಗೆ ಹಸಿರು ಫಲಕ ಹಾಕುತ್ತಾರೆ. ವಾಕ್ಯ ಮುಗಿದಿರಲಿಲ್ಲ, ಪ್ರಕಟಣೆಯವರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡು, ಪ್ರಯಾಣಿಕರ ಗಮನ ಸೆಳೆಯುವ ಆ ಹಳೆಯ ಧ್ವನಿಯಲ್ಲಿ ಹೇಳಿದರು:

"ನಮ್ಮ ಮನೆಯಲ್ಲಿ ಬಿಸಿನೀರು ಕಾಯುವುದು ಒಣ ಎಲೆಯ ಇಟ್ಟಿಗೆಯಿಂದ. ಗ್ಯಾಸ್ ಇಲ್ಲ. ಹೊಗೆ ಇಲ್ಲ. ಪ್ರಕೃತಿಗೆ ಎಳ್ಳಷ್ಟೂ ತೊಂದರೆ ಇಲ್ಲ."

ಆ ಹೊತ್ತಿನಲ್ಲಿ ಅವರ ಮನೆಯ ಬಚ್ಚಲಲ್ಲಿ, ದೊಡ್ಡ ಗ್ಯಾಸ್ ಒಲೆಯ ಮೇಲಿನ ಹಂಡೆಯಲ್ಲಿ ನಲವತ್ತು ಬಿಳಿ ಕೋಟುಗಳು ಕುದಿಯುತ್ತಿದ್ದವು. ಎಲೆಯ ಇಟ್ಟಿಗೆ ಎಂಬುದು ಹೇಗಿರುತ್ತದೆ ಎಂದು ಹೇಳಿದವರಿಗೇ ಗೊತ್ತಿರಲಿಲ್ಲ. ಯಾವುದೋ ಕರಪತ್ರದಲ್ಲಿ ಚಿತ್ರ ನೋಡಿದ್ದರು, ಅಷ್ಟೇ. ಪಕ್ಕದ ಮನೆಯ ಹಾಡಿನ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಮಾರನೆಯ ಬೆಳಿಗ್ಗೆ ಅವರೇ ಕಾಂಪೌಂಡಿನ ಮೇಲಿಂದ, "ಏನು ತಾಯಿ, ಇಷ್ಟು ದಿನ ನಮಗೆ ಹೇಳಲೇ ಇಲ್ಲ ನೀವು," ಎಂದಾಗ ಅವಳಿಗೆ ವಿಷಯ ತಿಳಿಯಿತು. ಗಂಡನ ನಿರ್ಧಾರಗಳು ಊರು ಸುತ್ತಿಕೊಂಡು ಕೊನೆಗೆ ಅವಳ ಬಳಿ ಬರುವುದು ಮದುವೆಯಾದಂದಿನಿಂದ ನಡೆದುಬಂದ ಕ್ರಮ.

ಅಧಿಕಾರಿ ಬರುವುದು ಅದರ ಮುಂದಿನ ವಾರದ ಶುಕ್ರವಾರ ಎಂದಾಯಿತು. ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳಿಗೂ ಒಂದು ಪರೀಕ್ಷೆ ಇರುತ್ತದೆ. ಹನ್ನೆರಡು ವರ್ಷದಿಂದ, ಎರಡು ಬೀದಿ ಆಚೆಯ ಆಸ್ಪತ್ರೆಯ ನಲವತ್ತು ಕೋಟುಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವವಳು ಅವಳು. ಕೋಟು ಒಣಗುವುದು ತಾರಸಿಯಲ್ಲಿ. ಆಸ್ಪತ್ರೆಯ ದಾಸ್ತಾನು ನೋಡಿಕೊಳ್ಳುವ ಸ್ಟೋರ್ ಮೇಡಂ ಒಂದೊಂದು ಕೋಟನ್ನೂ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡುತ್ತಾರೆ. ಬಿಳಿ ಎಂದರೆ ಬಿಳಿ ಇರಬೇಕು. ಅವರ ಮೇಜಿನ ಗಾಜಿನಡಿಯಲ್ಲಿ ಯಂತ್ರದಲ್ಲಿ ಬಟ್ಟೆ ಒಗೆಯುವ ಕಂಪನಿಯೊಂದರ ಬಣ್ಣದ ಹಾಳೆ ಒಂದು ವರ್ಷದಿಂದ ಇದೆ. ಅವಳು ಅದನ್ನು ನೋಡುತ್ತಾಳೆ ಎಂದು ಅವರಿಗೂ ಗೊತ್ತು.

ಈಗ ತಾರಸಿಯ ಅರ್ಧ ಭಾಗದಲ್ಲಿ ಎಲೆ.

ಕರಪತ್ರದಲ್ಲಿ ಒಂದು ವಿಧಾನ ಕೊಟ್ಟಿದ್ದರು. ಎಲೆ ಚೆನ್ನಾಗಿ ಒಣಗಿದೆಯೋ ಇಲ್ಲವೋ ತಿಳಿಯಲು, ಅದನ್ನು ಪುಡಿಮಾಡಿ ಒಂದು ಗಾಜಿನ ಬಾಟಲಿಗೆ ಹಾಕಿ, ಜೊತೆಗೆ ಒಂದು ಚಮಚ ಉಪ್ಪು ಹಾಕಿ ಅಲ್ಲಾಡಿಸಬೇಕು. ಉಪ್ಪು ಗಾಜಿಗೆ ಅಂಟಿದರೆ ಎಲೆಯಲ್ಲಿ ಇನ್ನೂ ನೀರಿದೆ. ಅಂಟದಿದ್ದರೆ ಒಣಗಿದೆ. ಪ್ರಕಟಣೆಯವರು ಬಚ್ಚಲನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಹಂಡೆಯ ಪಕ್ಕದ ಕಟ್ಟೆಯ ಮೇಲೆ ಬಾಟಲಿ, ಚಮಚ, ಒಂದು ಬೋಗುಣಿ ತುಂಬ ಉಪ್ಪು.

ಮೊದಲ ದಿನ ಅಲ್ಲಾಡಿಸಿದರು. ಉಪ್ಪು ಅಂಟಿತು. ಎರಡು ದಿನ ಬಿಸಿಲಲ್ಲಿ ಹರವಿದರು. ಅಂಟಿತು. ಇಸ್ತ್ರಿ ಹಾಕಿದ ಇಪ್ಪತ್ತಾರು ಎಲೆಗಳನ್ನು ಪುಡಿಮಾಡಿ ಅಲ್ಲಾಡಿಸಿದರು. ಆಗಲೂ ಅಂಟಿತು.

"ಇವು ಸಾಮಾನ್ಯ ಎಲೆಗಳಲ್ಲ," ಎಂದರು ಪ್ರಕಟಣೆಯವರು. "ಒಳಗೊಳಗೇ ನೀರು ಬಚ್ಚಿಟ್ಟುಕೊಂಡಿವೆ."

"ಮುಟ್ಟಿದ್ರೆ ಪುಡಿಯಾಗ್ತಿದೆಯಲ್ಲೋ," ಎಂದರು ಅತ್ತಿಗೆ.

"ಅದು ನಾಟಕ ಅಕ್ಕ. ಉಪ್ಪು ಸುಳ್ಳು ಹೇಳಲ್ಲ."

ಗುರುವಾರ ಅವರು ಅಡುಗೆಮನೆಗೆ ನುಗ್ಗಿದರು. ಅತಿ ದೊಡ್ಡ ಬಾಣಲೆ ಒಲೆಗೇರಿತು. ಮೂಟೆಯಿಂದ ಒಂದೊಂದೇ ಬುಟ್ಟಿ ಎಲೆ ತಂದು ಹುರಿಯತೊಡಗಿದರು. ಬೆಳಿಗ್ಗೆ ಹಚ್ಚಿದ ಒಲೆ ಸಂಜೆಯವರೆಗೆ ಉರಿಯಿತು. ಎಲೆ ಕೆಂಪಗಾಯಿತು, ಕಪ್ಪಗಾಯಿತು, ಎರಡು ಸಲ ಹೊತ್ತಿಕೊಂಡೂ ಬಿಟ್ಟಿತು. ಪ್ರತಿ ಅರ್ಧ ಗಂಟೆಗೊಮ್ಮೆ ಬಚ್ಚಲಿಗೆ ಓಡಿ ಅಲ್ಲಾಡಿಸುತ್ತಿದ್ದರು. ಅಲ್ಲಿ ಹಂಡೆ ಕುದಿಯುತ್ತಿತ್ತು, ಆವಿಯಲ್ಲಿ ಕನ್ನಡಕ ಮಂಜಾಗುತ್ತಿತ್ತು, ಒರೆಸಿಕೊಂಡು ನೋಡಿದರೆ ಉಪ್ಪು ಅಂಟಿರುತ್ತಿತ್ತು. ಸಂಜೆ ಐದಕ್ಕೆ ಸಿಲಿಂಡರ್ ಮುಗಿಯಿತು.

"ಗ್ಯಾಸ್ ಉಳಿಸೋಕೆ ಗ್ಯಾಸ್ ಸುಟ್ರಲ್ಲ," ಎಂದಳು ಅವಳು.

"ಇದು ಬಳಕೆ ಅಲ್ಲ ಕಣೇ, ತಯಾರಿ. ತಯಾರಿಯನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಸಿಲಿಂಡರ್ ಹೊತ್ತು ಹೊತ್ತು ನಿನ್ನ ಸೊಂಟ ಹೋಗಿದೆ, ನಾನು ನೋಡಿಲ್ಲ ಅಂದ್ಕೊಂಡಿದ್ದೀಯಾ? ಇಟ್ಟಿಗೆ ಒಂದು ಸಿದ್ಧವಾಗ್ಲಿ, ನೀನು ಸಿಲಿಂಡರ್ ಮುಖ ನೋಡೋ ಹಾಗಿಲ್ಲ."

ಸೊಂಟವನ್ನು ಅವರು ಗಮನಿಸಿದ್ದು ಅವಳಿಗೆ ಹೊಸ ಸಂಗತಿಯಾಗಿತ್ತು. ಆ ಸೊಂಟದಲ್ಲೇ ಹೊಸ ಸಿಲಿಂಡರನ್ನು ಬಾಗಿಲಿಂದ ಒಲೆಯವರೆಗೆ ಉರುಳಿಸಿಕೊಂಡು ಹೋದಳು.

ಆ ಸಂಜೆಯೇ ಪಾರ್ಕಿನ ಮಾಲಿ ಗೇಟಿನ ಬಳಿ ಬಂದು ನಿಂತ. ಗೂಡ್ಸ್ ಆಟೋ ಆರು ಸುತ್ತು ಹೊಡೆದು ಹದಿನಾಲ್ಕು ಮೂಟೆ ಎಲೆ ತಂದದ್ದು ಅವನ ಪಾರ್ಕಿನಿಂದ. ಪ್ರಕಟಣೆಯವರು ಅವನನ್ನು ಕಂಡ ಕೂಡಲೇ ಕೈ ಎತ್ತಿದರು.

"ಧನ್ಯವಾದ ಎಲ್ಲ ಬೇಡಪ್ಪ. ನಿನ್ನ ಕಸ ಗುಡಿಸಿಕೊಟ್ಟಿದ್ದು ನನ್ನ ಕರ್ತವ್ಯ."

"ಕಸ ಅಲ್ಲ ಸ್ವಾಮಿ ಅದು, ಮರದ ಬುಡಕ್ಕೆ ನಾನೇ ಹೊದಿಸಿದ್ದು," ಎಂದ ಮಾಲಿ. "ನಾಲ್ಕು ದಿನದಲ್ಲಿ ನೆಲ ಬಿರುಕು ಬಿಟ್ಟಿದೆ. ಎರೆಹುಳ ಎಲ್ಲ ಕಾಲುದಾರಿಗೆ ಬಂದು ಒಣಗ್ತಾ ಇವೆ. ಕಳೆದ ವಾರ ಒಂದು ಕೊಡ ಹಾಕ್ತಿದ್ದ ಗಿಡಕ್ಕೆ ಈಗ ಮೂರು ಕೊಡ ಹಾಕ್ತಿದ್ದೀನಿ. ವಾಪಸ್ ಕೊಡಿ."

"ನೋಡು, ಇದು ಪ್ರಕೃತಿಗೋಸ್ಕರ ಮಾಡ್ತಿರೋ ಕೆಲಸ. ಇದರಲ್ಲಿ ಮರ ಗಿಡ ಅಂತ ಸಣ್ಣಪುಟ್ಟದ್ದೆಲ್ಲ ಅಡ್ಡ ತರ್ಬಾರ್ದು."

ಮಾಲಿ ಅವರ ಮುಖ ನೋಡಿದ, ಆಮೇಲೆ ಅವಳ ಮುಖ ನೋಡಿದ, ಆಮೇಲೆ ತನ್ನ ಖಾಲಿ ಕೊಡ ಎತ್ತಿಕೊಂಡು ಹೋದ.

ಮಾರನೆಯ ದಿನ ಶುಕ್ರವಾರ, ಅಧಿಕಾರಿ ಬರಲು ಇನ್ನೂ ಒಂದು ವಾರವಿತ್ತು; ಬೆಳಿಗ್ಗೆ ಯಂತ್ರ ಬಂತು. ದನಕ್ಕೆ ಮೇವು ಕತ್ತರಿಸುವ ಡೀಸೆಲ್ ಯಂತ್ರ, ಬಾಡಿಗೆಯದು. ಅಂಗಳದಲ್ಲಿ ನಿಲ್ಲಿಸಿ ಹಗ್ಗ ಎಳೆದರೆ ಅದು ಮೊದಲು ಕೆಮ್ಮಿತು, ಆಮೇಲೆ ಗುಡುಗಿತು. ಮೂರು ಮೂಟೆ ಎಲೆ ಅದರ ಬಾಯಿಗೆ ಬಿತ್ತು. ಬಿಸಿಲು, ಇಸ್ತ್ರಿ, ಬಾಣಲೆ ಇಷ್ಟನ್ನೂ ಕಂಡು ಬಂದಿದ್ದ ಎಲೆ ಕತ್ತರಿಸುವ ಮೊದಲೇ ಹಿಟ್ಟಾಗಿತ್ತು. ಯಂತ್ರದಿಂದ ಹೊರಬಂದದ್ದು ನಶ್ಯದಂಥ ಪುಡಿ. ಅದು ಮೂಟೆಯೊಳಗೆ ಬೀಳುವ ಬದಲು ಮೇಲೆದ್ದು, ಬೀದಿಯನ್ನೆಲ್ಲ ಒಂದು ಸುತ್ತು ನೋಡಿ, ನಿಧಾನವಾಗಿ ಇಳಿಯಿತು.

ಹಾಡಿನ ಮೇಷ್ಟ್ರ ಮನೆಯಲ್ಲಿ ಹನ್ನೆರಡು ಮಕ್ಕಳು ಬಾಯಿ ತೆರೆದು ಉದ್ದಕ್ಕೆ ಸ್ವರ ಹಿಡಿದಿದ್ದವು. ಅವೆಲ್ಲವೂ ಒಂದೇ ಸಲಕ್ಕೆ ಸೀನಿದವು. ಮೇಷ್ಟ್ರು ಮುಖಕ್ಕೆ ಶಲ್ಯ ಸುತ್ತಿಕೊಂಡು ಕಾಂಪೌಂಡಿನ ಬಳಿ ಬಂದರು.

"ಸ್ವಾಮಿ, ಇಪ್ಪತ್ತು ವರ್ಷದಿಂದ ಹೇಳಿಕೊಡ್ತಿದ್ದೀನಿ. ಹನ್ನೆರಡು ಮಕ್ಕಳು ಇಷ್ಟು ಒಟ್ಟಾಗಿ ಏನನ್ನೂ ಮಾಡಿದ್ದು ನಾನು ಕಂಡಿಲ್ಲ. ಆದ್ರೂ ದಯವಿಟ್ಟು ನಿಲ್ಲಿಸಿ."

"ಇನ್ನೊಂದು ಗಂಟೆ ಮೇಷ್ಟ್ರೇ. ಸಭೇಲಿ ಚಪ್ಪಾಳೆ ತಟ್ಟಿದ ಮೊದಲ ಕೈ ನಿಮ್ಮದು, ಮರೀಬೇಡಿ."

ಮೇಷ್ಟ್ರು ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡು ಒಳಗೆ ಹೋದರು.

ತಾರಸಿಯ ಹಗ್ಗದ ಮೇಲೆ ಕೊನೆಯ ಹದಿನಾಲ್ಕು ಕೋಟುಗಳಿದ್ದವು. ಅವಳು ಓಡಿಹೋಗಿ ತೆಗೆಯುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಕೊಡವಿದಳು, ಬ್ರಷ್ ಹಾಕಿದಳು, ಮತ್ತೆ ಒಗೆಯಲು ಹೊತ್ತಿರಲಿಲ್ಲ. ಹತ್ತು ಗಂಟೆಗೆ ಸ್ಟೋರ್ ಮೇಡಂ ಇಪ್ಪತ್ತೇಳನೆಯ ಕೋಟನ್ನು ಕಿಟಕಿಗೆ ಎತ್ತಿ ಹಿಡಿದರು. ಹಿಡಿದುಕೊಂಡೇ ನಿಂತರು.

"ಇದು ಯಾವ ಬಣ್ಣ?"

"ಎಲೆ ಪುಡಿ ಬಿದ್ದಿದೆ ಮೇಡಂ."

"ಡಾಕ್ಟರು ಇದನ್ನ ಹಾಕ್ಕೊಂಡು ರೋಗಿ ಹತ್ರ ಹೋದ್ರೆ, ರೋಗಿ ಡಾಕ್ಟರ ಆರೋಗ್ಯ ವಿಚಾರಿಸ್ತಾನೆ." ಹದಿನಾಲ್ಕನ್ನೂ ಎಣಿಸಿ ಅವಳ ಕಡೆ ತಳ್ಳಿದರು. ಗಾಜಿನಡಿಯ ಬಣ್ಣದ ಹಾಳೆಯನ್ನು ಎಳೆದು ಮೇಲಿಟ್ಟರು. "ಹನ್ನೆರಡು ವರ್ಷ ಅಂತ ಮುಖ ನೋಡ್ತಿದ್ದೀನಿ. ಮುಂದಿನ ಶುಕ್ರವಾರ ನಲವತ್ತೂ ಸರಿಯಾಗಿ ಬರ್ಬೇಕು. ಇಲ್ಲದಿದ್ರೆ ಇವರಿಗೆ ಫೋನ್ ಮಾಡ್ತೀನಿ."

ಅವಳು ಮನೆಗೆ ಬಂದು ನೇರವಾಗಿ ಬಚ್ಚಲಿಗೆ ಹೋದಳು. ಹದಿನಾಲ್ಕು ಕೋಟು ನೆನೆಹಾಕಿ, ಕಟ್ಟೆಯ ಮೇಲೆ ಸೋಪು ಹುಡುಕುವಾಗ ಉಪ್ಪಿನ ಬೋಗುಣಿಗೆ ಕೈ ತಗುಲಿತು. ಬೆರಳಿಗೆ ಹಸಿಹಸಿಯಾಗಿ ಹತ್ತಿಕೊಂಡಿತು. ಅವಳು ಕೈಯನ್ನೂ ಹಂಡೆಯನ್ನೂ ನೋಡಿದಳು. ಹಂಡೆಯಿಂದ ಆವಿ ನೆಟ್ಟಗೆ ಎದ್ದು ಬೋಗುಣಿಯ ಮೇಲೆ ಹಾದು ಕಿಟಕಿಗೆ ಹೋಗುತ್ತಿತ್ತು. ಬಾಟಲಿ ತೊಳೆದು, ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು ಒಣಗಿಸಿ, ಎಲೆ ಒಂದು ಚೂರೂ ಹಾಕದೆ ಬರೀ ಉಪ್ಪು ಹಾಕಿ ಅಲ್ಲಾಡಿಸಿದಳು.

ಉಪ್ಪು ಗಾಜಿನ ಸುತ್ತಲೂ ಅಂಟಿಕೊಂಡಿತು.

"ರೀ, ಒದ್ದೆ ಇರೋದು ಎಲೆ ಅಲ್ಲ. ಉಪ್ಪು. ಮೊದಲ ದಿನದಿಂದಲೂ."

ಪ್ರಕಟಣೆಯವರು ಬಾಟಲಿಯನ್ನು ಎಲ್ಲ ಕಡೆಯಿಂದ ನೋಡಿದರು. ಒಂದು ಸಿಲಿಂಡರ್, ಆರು ಸುತ್ತು ಆಟೋ, ಒಂದು ಡಬ್ಬ ಡೀಸೆಲ್ ಅವರ ಮುಖದ ಮೇಲೆ ಒಂದೊಂದಾಗಿ ಹಾದುಹೋದವು. ಆಮೇಲೆ ಮುಖ ತಿಳಿಯಾಯಿತು.

"ಹಾಗಾದ್ರೆ ಉಪ್ಪನ್ನ ಒಣಗಿಸ್ಬೇಕು," ಎಂದರು.

ಬಾಣಲೆ ಮತ್ತೆ ಒಲೆಗೇರಿತು. ನಾಲ್ಕು ಪ್ಯಾಕೆಟ್ ಉಪ್ಪು ಹುರಿದರು. ಹುರಿದ ಉಪ್ಪನ್ನು ತಂದು ಅದೇ ಕಟ್ಟೆಯ ಮೇಲೆ ಇಟ್ಟರು. ಅವಳು ಇನ್ನು ಉಪ್ಪಿನ ವಿಷಯ ಎತ್ತಬಾರದು ಎಂದುಕೊಂಡು ಕೋಟು ಹಿಂಡಿದಳು.

ಮುಂದಿನ ಕಷ್ಟ ಇಟ್ಟಿಗೆ ಒತ್ತುವುದು. ಕರಪತ್ರದಲ್ಲಿ ಒತ್ತುವ ಯಂತ್ರವೊಂದರ ಚಿತ್ರವಿತ್ತು. ಪ್ರಕಟಣೆಯವರು ಮರದ ಚೌಕಟ್ಟು ಮಾಡಿ, ಪುಡಿ ತುಂಬಿ, ಮೇಲೆ ಹಲಗೆ ಇಟ್ಟು, ಸುತ್ತ ನೋಡಿದರು. ಮನೆಯಲ್ಲಿ ಅತ್ಯಂತ ಸ್ಥಿರವಾದ ಭಾರ ಯಾವುದು ಎಂದು ಅವರಿಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ.

"ಅಕ್ಕಾ, ಇಲ್ಲಿ ಬಂದು ಸ್ವಲ್ಪ ಹೊತ್ತು ಕೂತ್ಕೊ."

"ನಾನು ಅಲ್ಲಿ ಕೂತ್ರೆ ಬೀದಿ ನೋಡೋರು ಯಾರು?"

"ಕುರ್ಚೀನ ಗೇಟಿನ ಕಡೆ ತಿರುಗಿಸ್ತೀನಿ."

ಅತ್ತಿಗೆ ಕುರ್ಚಿ ಸಮೇತ ಹಲಗೆಯ ಮೇಲೆ ಸ್ಥಾಪಿತರಾದರು. ಅರ್ಧ ಗಂಟೆ ಬೀದಿ ನೋಡಿದರು. ಅವರನ್ನು ಇಳಿಸಿ ಚೌಕಟ್ಟು ಬಿಚ್ಚಿದಾಗ ಇಟ್ಟಿಗೆ ಒಂದು ಕ್ಷಣ ಇಟ್ಟಿಗೆಯ ಹಾಗೆಯೇ ಇತ್ತು. ಪ್ರಕಟಣೆಯವರು "ನೋಡಿ" ಎನ್ನುವಷ್ಟರಲ್ಲಿ ಪುಡಿಯಾಗಿ ಕುಸಿಯಿತು.

ಅಂಟು ಬೇಕಾಗಿತ್ತು. ಭಾನುವಾರ ಬೆಳಿಗ್ಗೆ ಅವಳು ಕೋಟಿಗೆ ಗಂಜಿ ಕಲಸಲು ಡಬ್ಬ ತೆಗೆದಾಗ ತಳ ಕಾಣಿಸಿತು. ಮೂರು ವಾರಕ್ಕೆ ತಂದಿಟ್ಟ ಗಂಜಿಪುಡಿ ಅಂಗಳದಲ್ಲಿ ಎಲೆಯ ಜೊತೆ ಕಲಸಿಹೋಗಿತ್ತು.

"ಕೋಟಿಗೆ?"

"ಈ ಒಂದು ವಾರ ಕೋಟು ಮೆತ್ತಗಿರ್ಲಿ ಬಿಡೇ. ಡಾಕ್ಟರಿಗೂ ಹಿತ."

ಗಂಜಿಯಿಂದ ಇಟ್ಟಿಗೆ ನಿಂತಿತು. ಅತ್ತಿಗೆ ಮೂರು ದಿನ, ಊಟದ ಹೊತ್ತು ಬಿಟ್ಟು, ಹಲಗೆಯ ಮೇಲೆ ಕುಳಿತು ಒಂಬತ್ತು ಇಟ್ಟಿಗೆ ಒತ್ತಿದರು. ಆದರೆ ಗಂಜಿಯಲ್ಲಿ ನೀರಿತ್ತು. ಎಲೆಯಿಂದ ಒಂದು ವಾರ ಓಡಿಸಿದ ನೀರನ್ನು ಪ್ರಕಟಣೆಯವರು ತಾವೇ ಬಕೆಟ್ಟಿನಲ್ಲಿ ತಂದು ಸುರಿದಿದ್ದರು. ಒಂಬತ್ತು ಒದ್ದೆ ಇಟ್ಟಿಗೆಗಳನ್ನು ಒಣಗಿಸಲು ಹಂಡೆಯ ಮುಚ್ಚಳವನ್ನು ಒಯ್ದು, ಅಡುಗೆಮನೆಯ ಒಲೆಯ ಮೇಲಿಟ್ಟು, ಅದರ ಮೇಲೆ ಜೋಡಿಸಿ, ಕೆಳಗೆ ಸಣ್ಣ ಉರಿ ಹಚ್ಚಿದರು. ಹೊಸ ಸಿಲಿಂಡರ್ ಬುಧವಾರ ಮಧ್ಯಾಹ್ನ ಮುಗಿಯಿತು. ಮುಚ್ಚಳವಿಲ್ಲದ ಹಂಡೆ ಕುದಿಯಲು ಎರಡರಷ್ಟು ಹೊತ್ತು ಹಿಡಿಯುತ್ತಿತ್ತು, ಅದರ ಸಿಲಿಂಡರೂ ಅಲ್ಲಾಡಿಸಿದರೆ ಹಗುರವಾಗಿತ್ತು.

ಉಳಿದ ಪುಡಿ ಅಂಗಳದಲ್ಲಿ ಗಾಳಿ ಬಂದಾಗಲೆಲ್ಲ ಎದ್ದು ತಾರಸಿಗೆ ಬರುತ್ತಿತ್ತು. ಬುಧವಾರ ಸಂಜೆ ಅವಳು ನಲವತ್ತು ಒದ್ದೆ ಕೋಟುಗಳನ್ನು ಎರಡು ಬುಟ್ಟಿಗಳಲ್ಲಿ ಹೊತ್ತು ಮೇಷ್ಟ್ರ ಬಾಗಿಲು ತಟ್ಟಿದಳು.

"ಮೇಷ್ಟ್ರೇ, ನಿಮ್ಮ ಪಾಠದ ಕೋಣೆಗೆ ಕಿಟಕಿ ಮುಚ್ಚುತ್ತೆ ಅಲ್ವಾ?"

"ಒಂದು ವಾರದಿಂದ ಮುಚ್ಚಿಯೇ ಇದೆ ತಾಯಿ."

"ಒಂದು ದಿನ ಅಲ್ಲಿ ಹಗ್ಗ ಕಟ್ಟಿಕೊಳ್ಳಲಾ?"

ಮೇಷ್ಟ್ರು ಬುಟ್ಟಿಗಳನ್ನೂ ಅವಳ ಮುಖವನ್ನೂ ನೋಡಿದರು. "ಕಟ್ಟಿ. ಈಚೆಗೆ ನನ್ನ ಪಾಠ ಕೇಳೋಕೆ ಬರೋರು ಕಡಿಮೆ ಆಗಿದ್ದಾರೆ. ನಲವತ್ತು ಜನ ಬಿಳೀ ಬಟ್ಟೆ ಹಾಕ್ಕೊಂಡು ಸುಮ್ಮನೆ ನಿಂತಿದ್ರೆ ನನಗೂ ಧೈರ್ಯ."

ಗುರುವಾರ ಇಡೀ ದಿನ ಕೋಟುಗಳು ಫ್ಯಾನಿನ ಗಾಳಿಯಲ್ಲಿ ಹಾಡು ಕೇಳುತ್ತ ಒಣಗಿದವು. ಅಂಗಡಿಯಿಂದ ಹೊಸ ಗಂಜಿಪುಡಿ ತಂದು ಮುಂಚೆಯೇ ಹಾಕಿದ್ದಳು. ಇಸ್ತ್ರಿಪೆಟ್ಟಿಗೆಯನ್ನೂ ಮೇಷ್ಟ್ರ ಮನೆಗೇ ಒಯ್ದು, ಅವರ ಹಾರ್ಮೋನಿಯಂ ಇಡುವ ಮೇಜಿನ ಮೇಲೆ ಒಂದೊಂದಾಗಿ ಮುಗಿಸಿದಳು. ಯಾರ ಕೈಗೂ ಪೆಟ್ಟಿಗೆ ಸಿಗದ ಹಾಗೆ ವೈರನ್ನು ಮೊಣಕೈಗೆ ಸುತ್ತಿಕೊಂಡಿದ್ದಳು.

ಶುಕ್ರವಾರ ಒಂಬತ್ತು ಗಂಟೆಗೆ ಅಧಿಕಾರಿ ಬಂದರು. ಕೈಯಲ್ಲಿ ಒಂದು ಫೈಲು, ಮೂಗಿನ ಮೇಲೆ ಕರ್ಚೀಫು. ಗೇಟು ದಾಟಿದ್ದೇ ಮೂರು ಸಲ ಸೀನಿದರು. ಕಣ್ಣಲ್ಲಿ ನೀರು ಇಳಿಯಿತು.

"ಕಚೇರಿಯವರು ಹೀಗೆ ಕಣ್ಣು ತುಂಬಿಕೊಳ್ಳೋದು ನಾನು ನೋಡಿರಲಿಲ್ಲ," ಎಂದು ಪ್ರಕಟಣೆಯವರು ನೆರೆದವರಿಗೆ ಪಿಸುಗುಟ್ಟಿದರು. ಅವರ ಪಿಸುಮಾತು ಮೂರು ಮನೆಯಾಚೆಗೆ ಕೇಳಿಸುತ್ತದೆ.

ಸಂಘದ ಕಾರ್ಯದರ್ಶಿ, ಮೇಷ್ಟ್ರು, ಮಾಲಿ, ಬೀದಿಯ ಹತ್ತು ಹದಿನೈದು ಜನ ಅಂಗಳದಲ್ಲಿ ನಿಂತಿದ್ದರು. ಮೂರು ಕಲ್ಲಿನ ಒಲೆಯ ಮೇಲೆ ಒಂದು ಬಕೆಟ್ ನೀರಿನ ಪಾತ್ರೆ. ಪ್ರಕಟಣೆಯವರು ಒಂಬತ್ತೂ ಇಟ್ಟಿಗೆ ಜೋಡಿಸಿ ಕಡ್ಡಿ ಗೀರಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಳಗಡೆ ಇನ್ನೂ ಹಸಿಯಿದ್ದ ಗಂಜಿ ಸುಟ್ಟ ಹಾಲಿನ ವಾಸನೆಯ ಬಿಳಿ ಹೊಗೆ ಬಿಟ್ಟಿತು. ಜನ ಹಿಂದಕ್ಕೆ ಸರಿದರು. ಆಮೇಲೆ ಇದ್ದಕ್ಕಿದ್ದಂತೆ ಉರಿ ಆಳೆತ್ತರ ಎದ್ದು, ಪಾತ್ರೆಯ ತಳ ಕಪ್ಪು ಮಾಡಿ, ಏಳು ನಿಮಿಷದಲ್ಲಿ ಪೂರ್ತಿ ಆರಿಹೋಯಿತು. ಅಧಿಕಾರಿ ನೀರಿಗೆ ಬೆರಳು ಅದ್ದಿದರು.

"ಬೆಚ್ಚಗಿದೆ," ಎಂದರು ನ್ಯಾಯವಾಗಿ. ಫೈಲು ತೆರೆದರು. "ಈಗ ತಯಾರಿ ಬಗ್ಗೆ. ಒಣಗಿಸೋಕೆ, ಪುಡಿ ಮಾಡೋಕೆ, ಸಾಗಿಸೋಕೆ ಏನೇನು ಬಳಸಿದ್ರಿ?"

"ತಯಾರಿಯನ್ನೂ ಬರ್ಕೋತೀರಾ?"

"ಮುಖ್ಯ ಅದೇ ಅಲ್ವಾ. ಇಂಧನ ಉರಿಯೋವಾಗ ಎಲ್ರೂ ನೋಡ್ತಾರೆ. ಅದಕ್ಕೆ ಮುಂಚೆ ಆಗಿದ್ದನ್ನ ಯಾರೂ ನೋಡಲ್ಲ."

ಪ್ರಕಟಣೆಯವರು ನೆಟ್ಟಗೆ ನಿಂತು ಹಳೆಯ ಧ್ವನಿ ತೆಗೆದರು. "ಬಿಸಿಲು. ಮತ್ತು ಈ ಎರಡು ಕೈ."

ಅಂಗಳದಲ್ಲಿ ಎಲ್ಲರೂ ಯಂತ್ರದ ಡೀಸೆಲ್ ಡಬ್ಬ ಬಿಟ್ಟು ಬೇರೆ ಎಲ್ಲ ಕಡೆ ನೋಡಿದರು. ಅಧಿಕಾರಿ ಡಬ್ಬವನ್ನೇ ನೋಡುತ್ತಿದ್ದರು.

"ಒತ್ತಿದ್ದು ಯಾವ ಯಂತ್ರದಲ್ಲಿ?"

"ನಾನೇ," ಎಂದರು ಅತ್ತಿಗೆ ಕುರ್ಚಿಯಿಂದ. "ಮೂರು ದಿನ ಕೂತಿದ್ದೀನಿ. ಬರ್ಕೊಳ್ಳಿ."

ಅಷ್ಟರಲ್ಲಿ ಅವಳು ಮೇಷ್ಟ್ರ ಮನೆಯಿಂದ ತಳ್ಳುಗಾಡಿಯನ್ನು ಹೊರಗೆ ತಂದಳು. ನಲವತ್ತು ಕೋಟು, ಮೇಲೆ ಬಿಳಿ ಹೊದಿಕೆ. ಒಂಬತ್ತೂವರೆ ಆಗಿತ್ತು. ಅಧಿಕಾರಿ ಅವಳ ಕಡೆ ತಿರುಗಿದರು.

"ಅಮ್ಮ, ಮನೆಯವರು ನೀವಲ್ವಾ? ಒಣಗಿಸೋಕೆ ಏನು ಬಳಸಿದ್ರಿ?"

ಗಂಡ ಅವಳನ್ನು ನೋಡಿದರು. ಬೀದಿ ಅವಳನ್ನು ನೋಡಿತು. ಅವಳು ಗಾಡಿಯ ಹಿಡಿ ಬಿಡಲಿಲ್ಲ.

"ಅಡುಗೆಮನೆಯಲ್ಲಿ ಎರಡು ಸಿಲಿಂಡರ್," ಎಂದಳು. "ಹನ್ನೆರಡು ಲೀಟರ್ ಡೀಸೆಲ್. ಗೂಡ್ಸ್ ಆಟೋ ಆರು ಸುತ್ತು. ಒಂದು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ. ಉಪ್ಪು ನಾಲ್ಕು ಪ್ಯಾಕೆಟ್, ಗಂಜಿಪುಡಿ ಒಂದು ಡಬ್ಬ."

ಅಧಿಕಾರಿಯ ಪೆನ್ನು ನಿಧಾನವಾಗಿ ಓಡಿತು. "ಆ ಎರಡು ಸಿಲಿಂಡರ್ ನೇರವಾಗಿ ಹಂಡೆ ಕೆಳಗೆ ಉರಿಸಿದ್ರೆ?"

"ಒಂದು ತಿಂಗಳು ನೀರು ಕಾಯ್ತಿತ್ತು."

"ಎಲೆ ಮೊದಲ ದಿನ ಹೇಗಿತ್ತು?"

"ಒಣಗಿತ್ತು. ಮುರಿದ್ರೆ ಚಟ್ ಅಂತಿತ್ತು."

"ಅವತ್ತೇ ಒತ್ತಿದ್ರೆ ಗಂಜಿಯೂ ಬೇಕಿರ್ಲಿಲ್ಲವೇನೋ," ಎಂದರು ಅಧಿಕಾರಿ. "ತೀರಾ ಒಣಗಿದ್ರೂ ಅಂಟಲ್ಲ, ಚೂರು ತೇವ ಇರ್ಬೇಕು. ಅದಕ್ಕಿಂತ ಮರದ ಬುಡದಲ್ಲೇ ಬಿಟ್ಟಿದ್ರೆ ಇನ್ನೂ ಒಳ್ಳೇದು. ನಿಮ್ಮ ಹಂಡೆಗೆ ಮುಚ್ಚಳ ಇದೆಯಾ? ಮುಚ್ಚಿ ಕಾಯಿಸಿದ್ರೂ ಸಾಕಷ್ಟು ಉಳಿಯುತ್ತೆ."

"ಇದೆ. ಅದರ ಮೇಲೆ ಇಟ್ಟಿಗೆ ಒಣಗಿಸ್ತಿದ್ರು."

ಮಾಲಿ ಕೆಮ್ಮಿದ. ಅದು ನಗುವೋ ಪುಡಿಯೋ ಗೊತ್ತಾಗಲಿಲ್ಲ. ಅಧಿಕಾರಿ ಮತ್ತೆ ಎರಡು ಸಲ ಸೀನಿ, "ಫಲಕದ ಬಗ್ಗೆ ಕಾಗದ ಬರುತ್ತೆ," ಎಂದು ಹೇಳಿ, ಕಣ್ಣೊರೆಸಿಕೊಳ್ಳುತ್ತ ಹೊರಟರು.

"ಹೇಳಿಬಿಟ್ಟೆಯಲ್ಲೇ," ಎಂದರು ಗಂಡ. ಮೈಕಿಲ್ಲದ ಧ್ವನಿ ಅದು. ಮದುವೆಯಾದ ಮೇಲೆ ಅವಳು ಅದನ್ನು ಬಹಳ ಸಲ ಕೇಳಿರಲಿಲ್ಲ.

"ಕೇಳಿದ್ರು, ಹೇಳಿದೆ. ಹತ್ತಕ್ಕೆ ಕೋಟು ಕೊಡ್ಬೇಕು."

ಸ್ಟೋರ್ ಮೇಡಂ ಅವತ್ತು ಕುರ್ಚಿ ಎಳೆದುಕೊಂಡು ಕಿಟಕಿಯ ಬಳಿಯೇ ಕುಳಿತರು. ಒಂದೊಂದು ಕೋಟಿನ ಕಾಲರು, ಜೇಬು, ಕಂಕುಳು, ಹೊಲಿಗೆ ನೋಡಿದರು. ಮೂವತ್ತಮೂರನೆಯದರ ಜೇಬಿನ ಅಂಚಿನಲ್ಲಿ ಒಂದು ಕಂದು ಚುಕ್ಕೆ ಕಂಡಿತು. ಬೆರಳ ತುದಿಯಲ್ಲಿ ಮುಟ್ಟಿದರು. ಊದಿದರು. ಹಾರಿಹೋಯಿತು.

"ನಲವತ್ತೂ ಸರಿ ಇದೆ," ಎಂದರು ಮೇಡಂ. ಬಣ್ಣದ ಹಾಳೆಯನ್ನು ಹರಿಯಲಿಲ್ಲ, ಗಾಜಿನಡಿಗೆ ವಾಪಸ್ ತಳ್ಳಿದರು. "ಮುಂದಿನ ವಾರವೂ ಹೀಗೇ ಬರುತ್ತಾ?"

"ಬರುತ್ತೆ ಮೇಡಂ."

ಬರುವಾಗ ಕಾಂಪೌಂಡಿನ ಬಳಿ ಮೇಷ್ಟ್ರು ಕಾಯುತ್ತಿದ್ದರು. ಮುಂದಿನ ವಾರ ಮಕ್ಕಳಿಗೆ ಪರೀಕ್ಷೆ, ಕೋಣೆ ಬಿಟ್ಟುಕೊಡಲು ಆಗುವುದಿಲ್ಲ ಎಂದು ತಪ್ಪು ಮಾಡಿದವರಂತೆ ಹೇಳಿದರು. ಪರವಾಗಿಲ್ಲ ಎಂದು ಅವಳು ಗೇಟು ತೆರೆದಳು. ಅಂಗಳದಲ್ಲಿ ಗಂಡ ಏಳೆಂಟು ಜನರ ನಡುವೆ ನಿಂತಿದ್ದರು. ಧ್ವನಿ ಮರಳಿ ಬಂದಿತ್ತು.

"ಅಧಿಕಾರಿಗಳು ಹೋಗೋವರೆಗೂ ಕಣ್ಣೀರು ಒರೆಸಿಕೊಳ್ತಿದ್ರು, ನೀವೆಲ್ಲ ನೋಡಿದ್ರಿ. ನಾವು ಸೋತಿದ್ದು ಪ್ರಮಾಣದಲ್ಲಿ. ಸಣ್ಣದಾಗಿ ಮಾಡಿದ್ವಿ. ಎರಡನೇ ಹಂತದಲ್ಲಿ ಪಾರ್ಕಿನ ಜೊತೆ ಶಾಲೆ ಮೈದಾನದ ಎಲೆಯೂ ತರ್ತೀವಿ. ಇಡೀ ತಾರಸಿ ಬಳಸ್ತೀವಿ. ಯಂತ್ರ ಸೋಮವಾರ ಬರುತ್ತೆ."

ಅವಳು ಅಡುಗೆಮನೆಯ ಒಲೆಯ ಮೇಲಿಂದ ಹಂಡೆಯ ಮುಚ್ಚಳ ಎತ್ತಿಕೊಂಡು, ಉಜ್ಜಿ ತೊಳೆದು, ಬಚ್ಚಲಿಗೆ ಒಯ್ದು ಹಂಡೆಯ ಮೇಲೆ ಮುಚ್ಚಿದಳು. ಆಮೇಲೆ ತಾರಸಿಗೆ ಹೋದಳು.

ಗೋಡೆಗೆ ಒರಗಿ ಹನ್ನೊಂದು ಮೂಟೆಗಳು ಉಳಿದಿದ್ದವು. ಯಂತ್ರ ಕಾಣದ, ಬಾಣಲೆ ಕಾಣದ ಎಲೆ. ಒಂದನ್ನು ಎತ್ತಿ ನೋಡಿದಳು. ಸಿಲಿಂಡರಿನ ಮುಂದೆ ಅದು ಏನೂ ಅಲ್ಲ. ಕೊಳೆ ಕೋಟು ತರಲು ಬೆಳಿಗ್ಗೆ ಆರಕ್ಕೆ ಗಾಡಿ ಖಾಲಿ ಹೋಗುತ್ತದೆ. ಒಂದು ಸಲಕ್ಕೆ ಮೂರು ಮೂಟೆ ಹಿಡಿಸುತ್ತದೆ, ಒತ್ತಿದರೆ ನಾಲ್ಕು. ಪಾರ್ಕಿನ ಗೇಟು ದಾರಿಯಲ್ಲೇ ಇದೆ, ಮಾಲಿ ಐದೂವರೆಗೇ ಬೀಗ ತೆಗೆಯುತ್ತಾನೆ. ಸೋಮವಾರ, ಮಂಗಳವಾರ, ಬುಧವಾರ. ಗಂಡನ ಪ್ರಕಟಣೆಯಲ್ಲಿ ಸೋಮವಾರ ಬರುವ ಯಂತ್ರ ಎಷ್ಟು ಬೇಗ ಎಂದರೂ ಗುರುವಾರ ಬರುತ್ತದೆ. ಅಷ್ಟರಲ್ಲಿ ಮೂಟೆ ಹೇಗೆ ಕರಗಿತು ಎಂದು ಅವರು ಕೇಳಬಹುದು. ಎಲೆ ಒಣಗುತ್ತ ಒಣಗುತ್ತ ಕುಗ್ಗುತ್ತದೆ ಎಂಬ ಕಾರಣವನ್ನು ಅವರೇ ಕಂಡುಹಿಡಿದು, ಸಂಜೆಯೊಳಗೆ ಬೀದಿಗೆಲ್ಲ ಹೇಳುತ್ತಾರೆ. ಅವಳು ಬಾಯಿ ತೆರೆಯುವ ಅಗತ್ಯವೇ ಬೀಳುವುದಿಲ್ಲ.

"ಮೇಲೆ ಏನಮ್ಮ ಮಾಡ್ತಿದ್ದೀಯಾ?" ಎಂದು ಅತ್ತಿಗೆ ಕೆಳಗಿನಿಂದ ಕೂಗಿದರು.

"ಹಗ್ಗ ಬಿಗಿ ಮಾಡ್ತಿದ್ದೀನಿ ಅತ್ತಿಗೆ."

ಹಗ್ಗವನ್ನು ನಿಜವಾಗಿಯೂ ಬಿಗಿ ಮಾಡಿದಳು. ಆಮೇಲೆ ಮೂರು ಮೂಟೆಗಳ ಬಾಯಿಗೆ ಎರಡೆರಡು ಗಂಟು ಹಾಕಿ, ಮೆಟ್ಟಿಲಿಗೆ ಹತ್ತಿರ ಎಳೆದಿಟ್ಟು, ಕೈ ಕೊಡವಿಕೊಂಡು ಕೆಳಗಿಳಿದಳು.